ಊರಿನ ದಾನಕ್ಕೆ ಊರಿನದೇ ಭಂಡಾರ

ಭತ್ತದ ಒಕ್ಕಣೆ ಮುಗಿದು ಗಿರಣಿಗಳು ಹಗಲಿರುಳು ಓಡುತ್ತಿದ್ದ ದಿನಗಳಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರೊಬ್ಬರು ನನ್ನನ್ನು ಕಾಣಲು ಬಂದಿದ್ದರು. ಅವರು ಕ್ರೈಸ್ತರಲ್ಲ, ಅವರ ಮಗಳು ನಮ್ಮ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದವಳೆಂಬುದಷ್ಟೇ ನಮ್ಮ ಪರಿಚಯದ ಮೂಲ. ತೀರಿಕೊಂಡ ತಾಯಿಯ ಹೆಸರಿನಲ್ಲಿ ಐದು ಲಕ್ಷ ರೂಪಾಯಿಗಳನ್ನು ಯಾವುದಾದರೂ ಸತ್ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ಅವರ ಇಚ್ಛೆ. "ಕೊಡಾಕ ರೊಕ್ಕ ಐತ್ರಿ ಫಾದರ್, ಯಾರಿಗೆ ಕೊಡಬೇಕಂತ ತಿಳೀವಲ್ದು" ಎಂದರು. ಗುಡಿಗೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಉಳಿಯುತ್ತದೆ. ದಾಸೋಹಕ್ಕೆ ಕೊಟ್ಟರೆ ಒಂದು ದಿನದ ಊಟವಾಗುತ್ತದೆ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಕಳುಹಿಸಿದರೆ ರಸೀದಿಯೇನೋ ಬರುತ್ತದೆ, ಆದರೆ ತಮ್ಮ ಗಿರಣಿಯಲ್ಲಿ ಮೂಟೆ ಹೊರುವವನ ಮಗುವಿಗೆ ಅದರಿಂದ ಏನಾಯಿತು? ಇದು ಅವರ ಪ್ರಶ್ನೆ.

ಅದೇ ವಾರ ಬಳ್ಳಾರಿ ನಗರದ ಹೊರವಲಯದಲ್ಲಿ, ಬೌದ್ಧಿಕ ಅಸಾಮರ್ಥ್ಯವುಳ್ಳ ಮಕ್ಕಳನ್ನು ಬಾಡಿಗೆ ಮನೆಯೊಂದರಲ್ಲಿ ನೋಡಿಕೊಳ್ಳುತ್ತಿರುವ ಇಬ್ಬರು ಮಹಿಳೆಯರನ್ನು ನಾನು ಭೇಟಿಯಾಗಿದ್ದೆ. ಅಡುಗೆಯವಳಿಗೆ ಮೂರು ತಿಂಗಳಿಂದ ಸಂಬಳವಿರಲಿಲ್ಲ. ಕೊಡಬೇಕೆನ್ನುವವನಿಗೂ ಬೇಕಾಗಿರುವವರಿಗೂ ನಡುವೆ ಇದ್ದುದು ಅರವತ್ತು ಕಿಲೋಮೀಟರಿನಷ್ಟು ದಾರಿ ಮಾತ್ರ. ಆದರೆ ಆ ದಾರಿಯನ್ನು ಬಲ್ಲವರು, ಎರಡೂ ಕಡೆಯವರು ನಂಬುವಂಥವರು, ಯಾರೂ ಇರಲಿಲ್ಲ.

ದಾನ ಮಾಡುವುದು ಯಾರಿಗಾದರೂ ಸಾಧ್ಯ; ಸರಿಯಾದ ವ್ಯಕ್ತಿಗೆ, ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಉದ್ದೇಶದಿಂದ ಕೊಡುವುದು ಎಲ್ಲರಿಗೂ ಸುಲಭವಲ್ಲ ಎಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಹೇಳುತ್ತಾನೆ. ಗುರುಮಠದಲ್ಲಿ ಈ ಪಾಠವನ್ನು ಓದಿದಾಗ ಅದು ಸದ್ಗುಣದ ವ್ಯಾಖ್ಯೆಯಾಗಿ ಮಾತ್ರ ಕಂಡಿತ್ತು. ಇಂದು ಅದು ಆಡಳಿತದ ಪ್ರಶ್ನೆಯಾಗಿಯೂ ಕಾಣುತ್ತಿದೆ. ಒಬ್ಬನಿಗೆ ಕಷ್ಟವಾದ ವಿವೇಕವನ್ನು ಒಂದು ಊರು ಒಟ್ಟಾಗಿ ಸಾಧಿಸಬಹುದೇ? ಜಗತ್ತಿನ ಹಲವು ದೇಶಗಳಲ್ಲಿ 'ಸಮುದಾಯ ಪ್ರತಿಷ್ಠಾನ' ಎಂಬ ಹೆಸರಿನಿಂದ ನಡೆದಿರುವ ಪ್ರಯೋಗ ಈ ಪ್ರಶ್ನೆಗೆ ಒಂದು ಉತ್ತರ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1914ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು ಇದನ್ನು ಆರಂಭಿಸಿದರು. ಅವರನ್ನು ಕಾಡುತ್ತಿದ್ದುದು ಸತ್ತವರ ಉಯಿಲುಗಳು. ಧನಿಕನೊಬ್ಬ ಯಾವುದೋ ಒಂದು ಉದ್ದೇಶಕ್ಕೆಂದು ಹಣವಿಟ್ಟು ಸಾಯುತ್ತಾನೆ. ಕಾಲ ಬದಲಾಗಿ ಆ ಉದ್ದೇಶವೇ ಇಲ್ಲವಾಗುತ್ತದೆ. ಹಣ ಮಾತ್ರ ಬ್ಯಾಂಕಿನಲ್ಲಿ ಕೊಳೆಯುತ್ತದೆ. ಸೇಂಟ್ ಲೂಯಿಸ್ ನಗರದ ಮೇಯರ್ ಆಗಿದ್ದ ಬ್ರಯನ್ ಮುಲ್ಲನ್‌ಫಿ ಎಂಬವರು 1851ರಲ್ಲಿ ತೀರಿಕೊಂಡಾಗ, ಆ ಊರಿನ ಮೂಲಕ ಪಶ್ಚಿಮಕ್ಕೆ ವಲಸೆ ಹೋಗುವ ಬಡವರ ನೆರವಿಗೆಂದು ತಮ್ಮ ಆಸ್ತಿಯ ಮೂರನೆಯ ಒಂದು ಭಾಗವನ್ನು ಬಿಟ್ಟಿದ್ದರು. ಆಗ ಅದು ದೊಡ್ಡ ಅಗತ್ಯವೇ ಆಗಿತ್ತು. ರೈಲು ಬಂದಿತು, ಬಂಡಿಗಳ ಸಾಲು ನಿಂತಿತು, ನಿಧಿ ಮಾತ್ರ ಫಲಾನುಭವಿಗಳನ್ನು ಹುಡುಕುತ್ತಾ ಉಳಿಯಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ನಾನು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ, ಕ್ರಿಸ್ಮಸ್ ಸಮಯದಲ್ಲಿ ಕುಷ್ಠರೋಗಿಗಳಿಗೆ ಕಂಬಳಿ ಕೊಡಬೇಕೆಂದು ಭಕ್ತರೊಬ್ಬರು ಬಹಳ ಹಿಂದೆ ಇಟ್ಟ ಠೇವಣಿಯೊಂದಿತ್ತು. ದೇವರ ದಯೆಯಿಂದ ಆ ಊರಿನಲ್ಲಿ ಈಗ ಅಂಥ ರೋಗಿಗಳಿಲ್ಲ. ನಾಲ್ಕು ವರ್ಷ ನಾನು ಆ ಠೇವಣಿಯನ್ನು ನವೀಕರಿಸಿದೆನೇ ಹೊರತು ಒಂದು ರೂಪಾಯಿಯನ್ನೂ ಉಪಯೋಗಿಸಲಿಲ್ಲ. ದಾನಿಯ ಮಾತಿಗೆ ನಿಷ್ಠನಾಗಿದ್ದೇನೆಂದು ಆಗ ಸಮಾಧಾನಪಟ್ಟುಕೊಂಡಿದ್ದೆ. ಈಗ ಅದು ನಿಷ್ಠೆಯೋ ಸೋಮಾರಿತನವೋ ಎಂದು ನಿಶ್ಚಯವಾಗಿ ಹೇಳಲಾರೆ. ಸಾರ್ವಜನಿಕ ಟ್ರಸ್ಟೊಂದರ ಉದ್ದೇಶ ಹಳತಾದಾಗ ಅದನ್ನು ಮಾರ್ಪಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನ ಮೂಲಕ ನ್ಯಾಯಾಲಯವನ್ನು ಕೋರಲು ಸಾಧ್ಯವಿದೆ. ಆದರೆ ಕಂಬಳಿಯ ಹಣಕ್ಕಾಗಿ ಯಾರು ವಕೀಲರ ಬಾಗಿಲಿಗೆ ಹೋಗುತ್ತಾರೆ?

ಗಾಫ್ ಅವರ ಪರಿಹಾರ ಸರಳವಾಗಿತ್ತು. ನೂರು ದಾನಿಗಳು ನೂರು ಟ್ರಸ್ಟುಗಳನ್ನು ಮಾಡುವ ಬದಲು ಊರಿಗೆಲ್ಲ ಒಂದೇ ಭಂಡಾರವಿರಲಿ. ಅದರೊಳಗೆ ದಾನಿಯ ಹೆಸರಿನಲ್ಲೋ ಅವನ ತಾಯಿಯ ಹೆಸರಿನಲ್ಲೋ ಪ್ರತ್ಯೇಕ ನಿಧಿಯಿರಲಿ. ಅದು ಯಾವ ಕ್ಷೇತ್ರಕ್ಕೆ ಸಲ್ಲಬೇಕೆಂದು ಅವನು ಸೂಚಿಸಲಿ. ಮೂಲಧನವನ್ನು ಮುಟ್ಟದೆ ಅದರ ಉತ್ಪತ್ತಿಯನ್ನು ವರ್ಷವರ್ಷವೂ ಊರಿನ ಸೇವಾಸಂಸ್ಥೆಗಳಿಗೆ ಹಂಚಲಿ. ಸೂಚಿಸಿದ ಉದ್ದೇಶವು ಕಾಲಾಂತರದಲ್ಲಿ ನಿರರ್ಥಕವಾದರೆ, ಊರಿನ ಹಿರಿಯರ ಮಂಡಳಿಯು ಅದಕ್ಕೆ ಹತ್ತಿರವಾದ ಇನ್ನೊಂದು ಉದ್ದೇಶಕ್ಕೆ ತಿರುಗಿಸಲಿ. ಇಂದು ಇಂಥ ಪ್ರತಿಷ್ಠಾನಗಳು ಪ್ರಪಂಚದಲ್ಲಿ ಸಾವಿರಕ್ಕೂ ಮಿಕ್ಕಿ ಇವೆ. ನಮ್ಮ ದೇಶದಲ್ಲಿ 1991ರಲ್ಲಿ ಮುಂಬಯಿಯಲ್ಲಿ ಬಾಂಬೆ ಕಮ್ಯುನಿಟಿ ಪಬ್ಲಿಕ್ ಟ್ರಸ್ಟ್ ಈ ಮಾದರಿಯಲ್ಲಿ ಹುಟ್ಟಿತು. ಆದರೂ ಈ ಕಲ್ಪನೆ ಇಲ್ಲಿ ಹರಡಲಿಲ್ಲ. ನಮ್ಮಂಥ ಜಿಲ್ಲಾ ಕೇಂದ್ರಗಳಿಗಂತೂ ತಲುಪಲೇ ಇಲ್ಲ.

ಹಾಗೆಂದು ಬಳ್ಳಾರಿಗೆ ಕೂಡಿ ಕೊಡುವ ಸಂಪ್ರದಾಯವಿಲ್ಲವೆಂದು ಯಾರೂ ಹೇಳಬಾರದು. 1916ರಲ್ಲಿ ಸ್ಥಾಪನೆಗೊಂಡ ಇಲ್ಲಿನ ವೀರಶೈವ ವಿದ್ಯಾವರ್ಧಕ ಸಂಘವನ್ನು ನೋಡಿರಿ. ದಾನಿಗಳ ಕೊಡುಗೆ ಒಂದೆಡೆ ಸೇರಿ ಶಾಲೆಯಾಯಿತು, ಕಾಲೇಜಾಯಿತು, ಇಂಜಿನಿಯರಿಂಗ್ ವಿದ್ಯಾಲಯವಾಯಿತು. ದಾನಿಗಳ ಹೆಸರುಗಳು ಆ ವಿದ್ಯಾಸಂಸ್ಥೆಗಳ ಮೇಲೆ ಇಂದಿಗೂ ಇವೆ. ಒಬ್ಬೊಬ್ಬರೇ ಕೊಟ್ಟಿದ್ದರೆ ಆ ಹೆಸರುಗಳು ಯಾವುದೋ ಛತ್ರದ ಗೋಡೆಯ ಮೇಲೆ ಅಳಿಸಿಹೋಗುತ್ತಿದ್ದವು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯ ಕಾಲದಲ್ಲಿ ಅಕ್ಕಿಬೇಳೆಯ ಮೂಟೆಗಳು ಯಾರ ಕೋರಿಕೆಯೂ ಇಲ್ಲದೆ ಬಂದು ಬೀಳುತ್ತವೆ. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಬೆಸೆದ ನಾಡು ಇದು. ಮುಸ್ಲಿಂ ಬಾಂಧವರ ಜಕಾತ್ ಪ್ರತಿ ರಂಜಾನಿನಲ್ಲಿ ಎಷ್ಟು ಮನೆಗಳ ಒಲೆ ಉರಿಸುತ್ತದೆಂಬುದನ್ನು ಅವರ ನೆರೆಹೊರೆಯವರು ಬಲ್ಲರು. ಕೊರತೆಯಿರುವುದು ಔದಾರ್ಯದಲ್ಲಲ್ಲ.

ಕೊರತೆ ಎಲ್ಲಿದೆಯೆಂಬುದನ್ನು 2009ರ ನೆರೆ ನನಗೆ ತೋರಿಸಿತು. ಆ ವರ್ಷದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ನದೀತೀರದ ಹಳ್ಳಿಗಳೂ ಸಿಲುಕಿದವು. ನಾವು ಕೆಲವರು ಹೋದಾಗ ಕಂಡದ್ದು ಇಷ್ಟು: ಡಾಂಬರು ರಸ್ತೆಯ ಪಕ್ಕದ ಹಳ್ಳಿಯಲ್ಲಿ ಮನೆಗೆ ನಾಲ್ಕೈದು ಹೊದಿಕೆಗಳು, ಹಳ್ಳದ ಆಚೆಯ ಹಳ್ಳಿಯಲ್ಲಿ ಒಂದೂ ಇಲ್ಲ. ದೂರದ ಊರುಗಳಿಂದ ಬಂದ ಹಳೆಯ ಬಟ್ಟೆಗಳ ರಾಶಿ ಕೆಸರಿನಲ್ಲಿ ಬಿದ್ದಿತ್ತು. ಅವನ್ನು ಎಮ್ಮೆಗಳು ತುಳಿಯುತ್ತಿದ್ದವು. ಆರು ತಿಂಗಳ ಬಳಿಕ ಮತ್ತೆ ಹೋದೆ. ಆಗ ಬೇಕಾಗಿದ್ದುದು ಬಿತ್ತನೆ ಬೀಜ, ಒಂದು ಜೊತೆ ಎತ್ತು, ಹೂಳು ತುಂಬಿದ ಹೊಲವನ್ನು ಸಮ ಮಾಡಲು ಟ್ರ್ಯಾಕ್ಟರಿನ ಬಾಡಿಗೆ. ಆಗ ಲಾರಿಗಳು ಬರುತ್ತಿರಲಿಲ್ಲ. ಸರಕಾರವು ದಾನಿಗಳೊಡನೆ ಸೇರಿ 'ಆಸರೆ' ಎಂಬ ಯೋಜನೆಯಲ್ಲಿ ನೆರೆಪೀಡಿತ ಜಿಲ್ಲೆಗಳಲ್ಲಿ ಮನೆಗಳನ್ನು ಕಟ್ಟಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೂ ಹೊಲಕ್ಕೆ ದೂರವೆಂದೋ ದನ ಕಟ್ಟಲು ಜಾಗವಿಲ್ಲವೆಂದೋ ಜನರು ಹಳೆಯ ಊರಿಗೇ ಮರಳಿದ ಉದಾಹರಣೆಗಳು ಹಲವೆಡೆ ಕಂಡುಬಂದವು. ಆ ಜನರನ್ನು ಮೊದಲೇ ಕೇಳಿ ತಿಳಿಯುವ, ನೆರೆ ಇಳಿದ ಮೇಲೂ ಅಲ್ಲೇ ಇರುವ ಸಂಸ್ಥೆಯೊಂದು ಬೇಕಾಗಿತ್ತು.

ಈ ಮಾತಿನಲ್ಲಿ ಹೊಸದೇನೂ ಇಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ತನ್ನ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟನ್ನು ಕಳೆದುಕೊಂಡಿತು. ಆಗ ಲಂಡನ್ನಿನ ಲಾರ್ಡ್ ಮೇಯರರು ಎತ್ತಿದ ಸಾರ್ವಜನಿಕ ನಿಧಿಯನ್ನು ಮದರಾಸು ಪ್ರಾಂತದಲ್ಲಿ ಸ್ಥಳೀಯ ಸಮಿತಿಗಳ ಮೂಲಕ ಹಂಚಲಾಯಿತು. ಗಂಜಿ ಕೇಂದ್ರಗಳನ್ನು ಸರಕಾರ ನಡೆಸುತ್ತಿದ್ದುದರಿಂದ, ಈ ಹಣದ ಬಹುಭಾಗ ಬೀಜಕ್ಕೆ, ದನಗಳಿಗೆ, ಬಿದ್ದ ಮನೆಯ ಮಾಡಿಗೆ ಹೋಯಿತು. ಆಳರಸರ ಕ್ಷಾಮನೀತಿಯನ್ನು ಯಾರೂ ಹೊಗಳಲಾರರು. ಕೂಲಿಯ ಕಾಳನ್ನು ಒಂದು ಪೌಂಡಿಗೆ ಇಳಿಸಿದ ನಿರ್ದಯತೆ ಚರಿತ್ರೆಯಲ್ಲಿದೆ. ಆದರೆ ಸರಕಾರದ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಸಮಾಜದ ಕೈ ಮುಂದುವರಿಯಬೇಕೆಂಬುದನ್ನು ಆ ಸಮಿತಿಗಳು ಅರಿತಿದ್ದವು.

ಇಂದಿನ ಸ್ಥಿತಿಗೆ ಬರೋಣ. ಬಳ್ಳಾರಿಯಲ್ಲಿ ಹಣವಿಲ್ಲವೆಂದರೆ ನಗು ಬರುತ್ತದೆ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯ್ದೆಯ ಪ್ರಕಾರ ಗಣಿಗಾರಿಕೆಯಿರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನವಿರಬೇಕು. ಹಳೆಯ ಗುತ್ತಿಗೆದಾರರು ರಾಜಧನದ ಶೇಕಡ 30ರಷ್ಟನ್ನೂ ಹರಾಜಿನಲ್ಲಿ ಗಣಿ ಪಡೆದವರು ಶೇಕಡ 10ರಷ್ಟನ್ನೂ ಅದಕ್ಕೆ ಕಟ್ಟಬೇಕು. ಇದಲ್ಲದೆ ಸರ್ವೋಚ್ಚ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಪ್ರತ್ಯೇಕ ನಿಗಮವಿದೆ. 371ಜೆ ವಿಧಿಯ ಫಲವಾದ ಕಲ್ಯಾಣ ಕರ್ನಾಟಕ ಮಂಡಳಿಯಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ ದೊಡ್ಡ ಉದ್ದಿಮೆಗಳು ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗೆ ವ್ಯಯಿಸಬೇಕು.

ಹೆಸರಿನಲ್ಲಿ 'ಪ್ರತಿಷ್ಠಾನ' ಎಂದಿದ್ದರೂ ಖನಿಜ ಪ್ರತಿಷ್ಠಾನವು ಸಮುದಾಯದ ಭಂಡಾರವಲ್ಲ. ಅದರ ಹಣ ದಾನವಲ್ಲ, ಕಾನೂನಿನ ವಂತಿಗೆ. ಅದರ ಅಧ್ಯಕ್ಷತೆ ಜಿಲ್ಲಾಧಿಕಾರಿಗಳದು. ಅದು ಕಟ್ಟಿಸುವುದು ರಸ್ತೆ, ಕೊಠಡಿ, ನೀರಿನ ಘಟಕ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಗಣಿಯಿಂದ 15 ಕಿಲೋಮೀಟರಿನ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರಿನ ಒಳಗಿನದು ಪರೋಕ್ಷ ಬಾಧಿತ ಪ್ರದೇಶ. ಸಂಡೂರಿನ ಗುಡ್ಡಗಳ ಧೂಳು ಕುಡಿದವರಿಗೆ ಆದ್ಯತೆ ಸಿಗುವುದು ನ್ಯಾಯವೇ. ಆದರೆ ಸಿರುಗುಪ್ಪ ಆ ವೃತ್ತಗಳಿಂದ ಬಹುದೂರ. ಅದೇ ಮಾರ್ಗಸೂಚಿಯಲ್ಲಿ ಒಂದು ವಿವೇಕದ ಮಾತಿದೆ: ಗಣಿ ಮುಗಿದ ಮೇಲಿನ ಜೀವನೋಪಾಯಕ್ಕಾಗಿ ವಾರ್ಷಿಕ ಸಂಗ್ರಹದ ಹತ್ತನೆಯ ಒಂದು ಭಾಗದವರೆಗೆ ಶಾಶ್ವತ ನಿಧಿಯಾಗಿ ಇಡಬಹುದಂತೆ. ಸರಕಾರವೇ ಮೂಲಧನದ ಮಹತ್ವವನ್ನು ಒಪ್ಪಿಕೊಂಡಿದೆಯೆಂಬುದನ್ನು ಗಮನಿಸಬೇಕು.

ಈ ದೊಡ್ಡ ನಿಧಿಗಳ ಕಣ್ಣಿಗೆ ಬೀಳದ ದುಃಖಗಳಿವೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ತಾಯಂದಿರು ಒಬ್ಬರ ಹಿಂದೊಬ್ಬರು ಅಸುನೀಗಿದರು. ತನಿಖೆ, ಆರೋಪ, ಪರಿಹಾರ ಎಲ್ಲವೂ ನಡೆಯಿತು. ಆದರೆ ತಾಯಿಯಿಲ್ಲದ ಹಸುಗೂಸನ್ನು ಸಾಕುವ ಅಜ್ಜಿಗೆ ಪ್ರತಿ ತಿಂಗಳೂ ಹಾಲಿನ ಪುಡಿ ತಂದುಕೊಟ್ಟು ತೂಕ ನೋಡುವವರು ಯಾರು? ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನು ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರು ಬಿಡಲಾಗದೆಂದು 2025ರಲ್ಲಿ ತೀರ್ಮಾನವಾಯಿತು. ಗೇಟುಗಳು ಬದಲಾಗಲೇಬೇಕಿತ್ತು. ಆದರೆ ಒಂದು ಬೆಳೆ ಇಲ್ಲವೆಂದರೆ ರೈತನಿಗೆ ಆದಾಯ ನಷ್ಟ, ನಾಟಿಯ ಹೆಂಗಸಿಗೆ ಮೂರು ತಿಂಗಳ ಗಂಜಿಯೇ ನಷ್ಟ. ಆಕೆಯ ಹೆಸರು ಯಾವ ಪಹಣಿಯಲ್ಲೂ ಇಲ್ಲವಾದ್ದರಿಂದ ಯಾವ ಪರಿಹಾರದ ಪಟ್ಟಿಯಲ್ಲೂ ಇರುವುದಿಲ್ಲ. ಬಳ್ಳಾರಿ ನಗರದ ಗಲ್ಲಿಗಳಲ್ಲಿ ಜೀನ್ಸ್ ಪ್ಯಾಂಟುಗಳನ್ನು ಮನೆಯಲ್ಲೇ ತುಂಡಿನ ಲೆಕ್ಕದಲ್ಲಿ ಹೊಲಿಯುವವರ ಕಣ್ಣು ಮಂಜಾದಾಗ ಅವರಿಗೆ ಇಎಸ್‌ಐ ಇಲ್ಲ.

ಇಂಥ ಕಡೆ ಕೆಲಸ ಮಾಡುತ್ತಿರುವುದು ಸಣ್ಣ ಸಣ್ಣ ಸಂಸ್ಥೆಗಳು. ಅವುಗಳ ಸ್ಥಿತಿ ಈಚಿನ ವರ್ಷಗಳಲ್ಲಿ ಬಿಗಡಾಯಿಸಿದೆ. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ಬಂದ ತಿದ್ದುಪಡಿಯು, ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಕೈಯಿಂದ ಹಳ್ಳಿಯ ಮಹಿಳಾ ಸಂಘದವರೆಗೆ ಹರಿಯುತ್ತಿದ್ದ ಕಾಲುವೆ ಒಮ್ಮೆಗೇ ಬತ್ತಿತು. ನಮ್ಮ ಧರ್ಮಸಭೆಯ ಸಂಸ್ಥೆಗಳಿಗೂ ಇದು ಬಿಸಿ ಮುಟ್ಟಿಸಿದೆ. ಇದನ್ನು ಕೇವಲ ಅನ್ಯಾಯವೆಂದು ಗೊಣಗುತ್ತ ಕೂರುವುದು ನನಗೆ ಒಪ್ಪಿಗೆಯಿಲ್ಲ. ಜರ್ಮನಿಯದೋ ಇಟಲಿಯದೋ ಹಣದಲ್ಲಿ ಬಳ್ಳಾರಿಯ ಬಡವರನ್ನು ನೋಡಿಕೊಳ್ಳುವ ಅಭ್ಯಾಸದಿಂದ, ಪಕ್ಕದ ಮನೆಯವನನ್ನು ಕೇಳುವ ಅಭ್ಯಾಸವೇ ನಮಗೆ ತಪ್ಪಿಹೋಗಿತ್ತು.

ಆದರೆ ದೇಶೀಯ ದಾನಕ್ಕೂ ತೊಡಕುಗಳಿವೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ, 80ಜಿ ಎಂದು ಎಲ್ಲರಿಗೂ ಪರಿಚಿತವಾದ ತೆರಿಗೆ ವಿನಾಯಿತಿ ದೊರೆಯುವುದಿಲ್ಲ. 2021ರಿಂದ ಸಂಸ್ಥೆಗಳು ತಮ್ಮ ನೋಂದಣಿಯನ್ನು ಅವಧಿಗೊಮ್ಮೆ ನವೀಕರಿಸಬೇಕು. ಲೆಕ್ಕಪರಿಶೋಧಕರ ಶುಲ್ಕಕ್ಕೇ ಪರದಾಡುವ ಸಂಸ್ಥೆಗೆ ಇದು ದೊಡ್ಡ ಹೊರೆ. ಪ್ರತಿಷ್ಠಾನಗಳಿಗೇ ನೇರವಾಗಿ ತಟ್ಟುವ ನಿಯಮ 2023ರ ಹಣಕಾಸು ಕಾಯ್ದೆಯದು: ಒಂದು ಟ್ರಸ್ಟು ಇನ್ನೊಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ 85 ರೂಪಾಯಿ ಮಾತ್ರ ಧರ್ಮಕಾರ್ಯಕ್ಕೆ ವಿನಿಯೋಗವಾದಂತೆ ಲೆಕ್ಕ. ಹಣವನ್ನು ಟ್ರಸ್ಟಿನಿಂದ ಟ್ರಸ್ಟಿಗೆ ಸುತ್ತಿಸುವ ಕಪಟಿಗಳನ್ನು ಹಿಡಿಯಲು ಹಾಕಿದ ಬಲೆಯಲ್ಲಿ, ಹಂಚುವುದನ್ನೇ ಉದ್ದೇಶವಾಗಿ ಉಳ್ಳವರೂ ಬಿದ್ದರು. ಇದರಿಂದ ಕೆಲಸ ಅಸಾಧ್ಯವಾಗಿಲ್ಲ. ಮೂಲಧನಕ್ಕೆಂದು ದಾನಿಯು ಬರವಣಿಗೆಯಲ್ಲಿ ಸ್ಪಷ್ಟವಾಗಿ ಸೂಚಿಸಿ ಕೊಟ್ಟ ಹಣವನ್ನು, ನಿಗದಿತ ರೀತಿಯಲ್ಲಿ ತೊಡಗಿಸಿದರೆ, ಆ ವರ್ಷದ ಆದಾಯವೆಂದು ಎಣಿಸದಿರಲು ಅವಕಾಶವಿದೆ. ಲೆಕ್ಕವನ್ನು ಬಲ್ಲವರು ಬೇಕು, ಅಷ್ಟೇ.

ಆ ಗಿರಣಿಯ ಮಾಲೀಕರ ಐದು ಲಕ್ಷವನ್ನೇ ತೆಗೆದುಕೊಳ್ಳೋಣ. ಶೇಕಡ 7ರ ಬಡ್ಡಿಯಲ್ಲಿ ಅದು ವರ್ಷಕ್ಕೆ 35,000 ರೂಪಾಯಿ. ಬೆಲೆಯೇರಿಕೆಯಿಂದ ಮೂಲಧನ ಸವೆಯದಂತೆ ಅದರಲ್ಲಿ 10,000ವನ್ನು ಮರಳಿ ಸೇರಿಸಿದರೆ ಉಳಿಯುವುದು 25,000. ಅದೊಂದೇ ಇದ್ದರೆ ಅಡುಗೆಯವಳ ಕೆಲವು ತಿಂಗಳ ಸಂಬಳ. ಆದರೆ ಅಂಥ ನಲವತ್ತು ನಿಧಿಗಳು ಒಂದೆಡೆ ಇದ್ದರೆ ವರ್ಷಕ್ಕೆ 10 ಲಕ್ಷ. ಅದು ವರ್ಷವರ್ಷವೂ ತಪ್ಪದೆ ಬರುತ್ತದೆ. ಜೀನ್ಸ್ ಹೊಲಿಗೆಯ ಇನ್ನೂರು ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ಹಾಕಿದರೆ 2 ಲಕ್ಷದ 40 ಸಾವಿರ. ಇನ್ನು ಭಂಡಾರವು ಕೊಡುವುದು ಹಣವನ್ನು ಮಾತ್ರವಲ್ಲ. ಹತ್ತು ಸಣ್ಣ ಸಂಸ್ಥೆಗಳಿಗೆ ಸೇರಿ ಒಬ್ಬ ಲೆಕ್ಕಿಗ, ನೋಂದಣಿಯ ಕಾಗದಪತ್ರಕ್ಕೆ ನೆರವು, ವರ್ಷಕ್ಕೊಮ್ಮೆ ಹೋಗಿ ನೋಡಿ ಬರುವ ಒಬ್ಬ ನಿವೃತ್ತ ಶಿಕ್ಷಕಿ: ಕುರುಗೋಡಿನ ಸಂಜೆಶಾಲೆಗೆ ಇವು ಹಣದಷ್ಟೇ ಮುಖ್ಯ. ದಾನಿಗೆ ಸಿಗುವುದು ತಾನು ಕೊಟ್ಟದ್ದು ಎಲ್ಲಿ ಹೋಯಿತೆಂಬ ಅರಿವು.

ನನ್ನ ಭಯಗಳನ್ನೂ ಹೇಳಬೇಕು. ಮಂಡಳಿಯಲ್ಲಿ ಕೂರುವವರು ಯಾರು? ಒಂದೇ ಜಾತಿಯ, ಒಂದೇ ಪಕ್ಷದ, ಒಂದೇ ಗುಂಪಿನ ಧಣಿಗಳು ಸೇರಿದರೆ ಅದು ಮತ್ತೊಂದು ಚುನಾವಣಾ ಕಚೇರಿಯಾದೀತು. ಬಳ್ಳಾರಿಯಲ್ಲಿ ಇದು ಕಾಲ್ಪನಿಕ ಭಯವಲ್ಲ. ಹೊಲಿಗೆ ಯಂತ್ರವೊಂದನ್ನು ಕೊಡಲು ಎಂಟು ಮಂದಿಯ ಭಾವಚಿತ್ರವುಳ್ಳ ಫ್ಲೆಕ್ಸ್ ಕಟ್ಟುವ ಊರು ನಮ್ಮದು. ನಾವು ಪಾದ್ರಿಗಳು ಮುಂದೆ ನಿಂತರೆ ಮತಾಂತರದ ಗುಮಾನಿ ಎದ್ದೇ ಏಳುತ್ತದೆ. ಆದಕಾರಣ ನನ್ನ ಅಭಿಪ್ರಾಯದಲ್ಲಿ ಇಂಥ ಭಂಡಾರವನ್ನು ಚರ್ಚು ನಡೆಸಕೂಡದು. ಅದಕ್ಕೆ ಸಂತರ ಹೆಸರನ್ನೂ ಇಡಕೂಡದು. ಆದರೆ ನಮ್ಮ ಹಣ ಅದರಲ್ಲಿರಬೇಕು. ಮಠದ, ಮಸೀದಿಯ, ವರ್ತಕರ ಸಂಘದ ಹಣದ ಜೊತೆಗೆ ಬೆರೆತು, ಯಾವ ನಾಣ್ಯ ಯಾರದೆಂದು ಗುರುತು ಸಿಗದಂತೆ ಇರಬೇಕು. ನಮ್ಮವರಲ್ಲಿ ಕೆಲವರಿಗೆ ಇದು ರುಚಿಸದೆಂದು ಬಲ್ಲೆ. "ನಮ್ಮ ಬಡವರಿಗೇ ಸಾಲದು ಸ್ವಾಮಿ" ಎಂಬ ಮಾತನ್ನು ಧರ್ಮಕೇಂದ್ರದ ಸಭೆಯಲ್ಲಿ ಈಗಾಗಲೇ ಕೇಳಿದ್ದೇನೆ.

ಆ ಮಾತಿಗೆ ಪ್ರೇಷಿತರ ಕಾಲದಲ್ಲೇ ಉತ್ತರ ದೊರೆತಿದೆ. ಜೆರುಸಲೇಮಿನ ಮೊದಲ ಸಭೆಯಲ್ಲಿ ದಿನದ ಹಂಚಿಕೆಯ ವೇಳೆ ಗ್ರೀಕ್ ಮಾತಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ದೂರು ಬಂದಿತು. ಪ್ರೇಷಿತರು ದೂರಿತ್ತವರನ್ನು ಗದರಿಸಲಿಲ್ಲ. ಹಂಚುವ ಕೆಲಸವನ್ನೇ ತಮ್ಮ ಕೈಯಿಂದ ಬಿಟ್ಟು ಏಳು ಮಂದಿಗೆ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಮುಂದೆ ಸಂತ ಪೌಲರು ಕೊರಿಂಥ, ಮಕೆದೋನಿಯದ ಸಭೆಗಳಿಂದ ಜೆರುಸಲೇಮಿನ ಬಡವರಿಗಾಗಿ ಹಣವೆತ್ತಿದಾಗ, ಅದನ್ನು ಒಬ್ಬರೇ ಒಯ್ಯದೆ ತೀತನನ್ನೂ ಸಭೆಗಳೇ ಆರಿಸಿದ ಸಹೋದರನನ್ನೂ ಜೊತೆಮಾಡಿದರು. ಇಷ್ಟು ದೊಡ್ಡ ಮೊತ್ತದ ಬಗ್ಗೆ ಯಾರೂ ತಮ್ಮತ್ತ ಬೆರಳು ತೋರಬಾರದೆಂಬ ಎಚ್ಚರ ಅವರಿಗಿತ್ತು. ಪ್ರೇಷಿತರಿಗೇ ಸಾಕ್ಷಿಗಳು ಬೇಕಾಗಿದ್ದರೆಂದ ಮೇಲೆ, ಧರ್ಮಕೇಂದ್ರದ ಗುರುವಿಗೆ ಲೆಕ್ಕಪರಿಶೋಧಕ ಬೇಕೆಂದರೆ ಅವಮಾನವೇನು? 1931ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರು ತಮ್ಮ ವಿಶ್ವಪತ್ರದಲ್ಲಿ, ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳಬಾರದೆಂದು ಬೋಧಿಸಿದರು. ನಾವು ಆ ತತ್ವವನ್ನು ಸರಕಾರದ ಎದುರು ಹಿಡಿಯುತ್ತೇವೆ. ನಮ್ಮ ನಮ್ಮೊಳಗೆ ಹಿಡಿಯುವುದು ಕಡಿಮೆ.

ಆ ಗಿರಣಿಯ ಮಾಲೀಕರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ನಾನು ಮೂರು ಸಂಸ್ಥೆಗಳ ಹೆಸರು ಕೊಟ್ಟೆ. ಅವುಗಳಲ್ಲಿ ಒಂದಕ್ಕೆ ಮಾತ್ರ 80ಜಿ ಇದೆ. ಬಾಡಿಗೆ ಮನೆಯ ಆ ಮಕ್ಕಳದು ಆ ಒಂದಲ್ಲ. ಸದ್ಯಕ್ಕೆ ಅಡುಗೆಯವಳ ಸಂಬಳವನ್ನು ತಾವೇ ಕೈಯಿಂದ ಕೊಡುವುದಾಗಿ, ಉಳಿದದ್ದನ್ನು ಯುಗಾದಿಯವರೆಗೆ ಬ್ಯಾಂಕಿನಲ್ಲೇ ಇಟ್ಟಿರುವುದಾಗಿ ಅವರು ಹೇಳಿದರು.